ಬೆಳೆದವರಿಗೆ ಸಂತೆಯಲ್ಲೊಂದು ಸೂರು ಕೊಡಿ: ಕೊಡಗಿನಿಂದ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಎಲ್ಲ ಸದಸ್ಯರಿಗೆ, ಜೊತೆಗೆ ವಾರಕ್ಕೊಮ್ಮೆ ಚೀಲ ಹಿಡಿದು ಹೊರಡುವ ನನ್ನಂಥ ಪೇಟೆಯವರಿಗೆ,

ನಮಸ್ಕಾರ.

ಕಳೆದ ವರ್ಷ ಜುಲೈಯಲ್ಲಿ ಒಂದು ಸಂತೆ ದಿನ. ಬೆಳಿಗ್ಗೆ ಹಿಡಿದ ಮಳೆ ಬಿಟ್ಟೇ ಇರಲಿಲ್ಲ. ನಮ್ಮೂರ ಸಂತೆಯಲ್ಲಿ ಸೂರಿನ ಕೆಳಗಿರುವ ಕಟ್ಟೆಗಳಲ್ಲಿ ಕೂರುವವರು ವಾರವಾರ ಲಾರಿಯಲ್ಲಿ ತರಕಾರಿ ತರುವ ವ್ಯಾಪಾರಿಗಳು. ಸ್ವಂತ ಹಿತ್ತಲಲ್ಲಿ, ಗದ್ದೆಯಲ್ಲಿ ಬೆಳೆದು ತಂದವರು ಕೂರುವುದು ಹೊರಗೆ, ಚರಂಡಿ ಪಕ್ಕ. ಅಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ತಲೆ ಮೇಲೆ ನೀಲಿ ಟಾರ್ಪಲಿನ ಒಂದು ತುಂಡು, ತರಕಾರಿ ಕೆಳಗೆ ಇನ್ನೊಂದು ತುಂಡು. ಅವರ ಮುಂದೆ ಇದ್ದದ್ದು ಆರು ಕಟ್ಟು ಕೆಸುವಿನ ಎಲೆ, ಎರಡು ಬಾಳೆಹೂ, ಒಂದು ಹಿಡಿ ಸೂಜಿಮೆಣಸು, ಹತ್ತೋ ಹನ್ನೆರಡೋ ಬಟರ್ ಫ್ರೂಟ್.

ನಾನು ಒಂದು ಹಣ್ಣು ಎತ್ತಿ ಒತ್ತಿ ನೋಡಿದೆ. ಕಲ್ಲಿನ ಹಾಗಿತ್ತು. ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಬೀಜ ಲೊಟಲೊಟ ಅಂತು. ‘ಬಲಿತಿದೆ ಮಗ. ಅಕ್ಕಿ ಡಬ್ಬದೊಳಗೆ ಹಾಕಿಡು. ನಾಲ್ಕನೇ ದಿನ ತೊಟ್ಟಿನ ಹತ್ತಿರ ಒತ್ತು, ಬೆರಳು ಇಳಿದರೆ ತಿನ್ನು. ಈಗಲೇ ಫ್ರಿಜ್ಜಿಗೆ ಮಾತ್ರ ಹಾಕಬೇಡ’ ಅಂದರು. ಕಿಲೋಗೆ 80 ರೂಪಾಯಿ. ನಾನು ಒಂದು ಕಿಲೋ ತಗೊಂಡೆ. ಅಷ್ಟರಲ್ಲಿ ಸುಂಕದವನು ಬಂದು ಚೀಟಿ ಹರಿದು ಕೊಟ್ಟ. ಬೆಳಿಗ್ಗೆಯಿಂದ ಅವರಿಗೆ ಆದ ಮೊದಲ ವ್ಯಾಪಾರ ನನ್ನದು. ಅದರಲ್ಲೇ ತೆಗೆದು ಕೊಟ್ಟರು. ಚೀಟಿಯನ್ನು ಒದ್ದೆಯಾಗದ ಹಾಗೆ ರವಿಕೆಯೊಳಗೆ ಇಟ್ಟುಕೊಂಡರು. ಕಳೆದುಹೋದರೆ ಮತ್ತೆ ಕಟ್ಟಬೇಕಲ್ವಾ?

ಮನೆಗೆ ಹೋಗುವ ದಾರಿಯಲ್ಲಿ ಸಾಬೂನು, ಬೇಳೆ ಬೇಕು ಅಂತ ಸೂಪರ್ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಬಟರ್ ಫ್ರೂಟ್ ಇತ್ತು. ಒಂದೊಂದಕ್ಕೂ ಬಿಳಿ ಸ್ಪಂಜಿನ ಬಲೆ, ಮೇಲೊಂದು ಸ್ಟಿಕರ್. ಕಿಲೋಗೆ 260. ಮುಂದಿನ ವಾರ ಅಜ್ಜಿಗೆ ಇದನ್ನು ಹೇಳಿದೆ. ಅವರ ಮನೆಯಲ್ಲಿ ಎರಡು ಮರ ಇದೆಯಂತೆ. ಸಂತೆಗೆ ಹೊತ್ತು ತರಲು ಆಗುವುದು ಹತ್ತು ಹನ್ನೆರಡು ಕಾಯಿ ಮಾತ್ರ. ಉಳಿದದ್ದನ್ನು ಅಂಗಳಕ್ಕೇ ಬರುವ ವ್ಯಾಪಾರಿಗೆ ಕೊಡುತ್ತಾರೆ. ಅವರಿಗೆ ಸಿಗುವುದು ಕಿಲೋಗೆ 50.

ಸೂಪರ್ ಮಾರ್ಕೆಟ್ಟಿನವರನ್ನು ಬೈಯಲು ನಾನು ಈ ಪತ್ರ ಬರೆಯುತ್ತಿಲ್ಲ. ನಾನೂ ಅಲ್ಲಿಗೆ ಹೋಗುತ್ತೇನೆ, ಮುಂದೆಯೂ ಹೋಗುತ್ತೇನೆ. ಉಪ್ಪು, ಎಣ್ಣೆ, ತೊಗರಿಬೇಳೆ ನಮ್ಮ ಜಿಲ್ಲೆಯಲ್ಲಿ ಆಗುವ ವಸ್ತುಗಳಲ್ಲ. ಸಂಜೆ ಆರೂವರೆಗೆ ಕೆಲಸ ಮುಗಿಸಿ ಹೊರಟವರಿಗೆ ತೆರೆದಿರುವುದು ಅದೊಂದೇ ಬಾಗಿಲು. ಒಳಗೆ ಮಳೆ ಇಲ್ಲ. ಬೆಲೆ ಬರೆದಿರುತ್ತದೆ, ಬಿಲ್ ಕೊಡುತ್ತಾರೆ. ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಕೆಸರಲ್ಲಿ ಸಂತೆ ಸುತ್ತಿದವರಿಗೆ ಅದರ ಬೆಲೆ ಗೊತ್ತು.

ಮಧ್ಯದವರೆಲ್ಲ ಮೋಸಗಾರರು ಅಂತಲೂ ನಾನು ಹೇಳುವುದಿಲ್ಲ. ತರಕಾರಿ ಕೊಳೆಯುತ್ತದೆ, ಲಾರಿಗೆ ಡೀಸೆಲ್ ಬೇಕು, ಹಮಾಲಿ ಕೊಡಬೇಕು, ಅಂಗಡಿಗೆ ಬಾಡಿಗೆ, ಕರೆಂಟ್, ಸಂಬಳ ಎಲ್ಲ ಇದೆ. ಆದರೂ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಅಧ್ಯಯನ ಹೊರತಂದಿತು. ನಾವು ಟೊಮೆಟೊಗೆ 100 ರೂಪಾಯಿ ಕೊಟ್ಟರೆ ಬೆಳೆದವನ ಕೈಗೆ ಹೋಗುವುದು ಸುಮಾರು 33. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಬೀಜ, ಗೊಬ್ಬರ, ಕೂಲಿ ಎಲ್ಲ ಆ ಮೂರನೇ ಒಂದು ಪಾಲಿನಲ್ಲೇ ಹುಟ್ಟಬೇಕು.

ನಮ್ಮ ಜಿಲ್ಲೆಯಲ್ಲಿ ಇದರ ಜೊತೆಗೆ ಇನ್ನೊಂದು ಕಥೆ ಇದೆ. ಕುಶಾಲನಗರದ ಆಚೆ ಹೆಬ್ಬಾಲೆ, ತೊರೆನೂರು, ಶಿರಂಗಾಲದ ಕಡೆ ಬಯಲು ನೆಲ, ಮಳೆ ಕಡಿಮೆ. ಶನಿವಾರಸಂತೆ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಹಸಿಮೆಣಸು ಹಾಕುತ್ತಾರೆ. ನನಗೆ ಪರಿಚಯದ ಒಬ್ಬರು ತಮ್ಮ ಬೆಳೆಯನ್ನೆಲ್ಲ ಮೈಸೂರಿನ ಲಾರಿಗೆ ಹಾಕುತ್ತಾರೆ. ಅದೇ ರಾತ್ರಿ ಮೈಸೂರಿನಿಂದ ಮಡಿಕೇರಿಗೆ ತರಕಾರಿ ಲಾರಿ ಹೊರಡುತ್ತದೆ. ಕುಶಾಲನಗರದ ಪಕ್ಕ ಕೊಪ್ಪದ ಹತ್ತಿರ ಕಾವೇರಿ ಸೇತುವೆ ಮೇಲೆ ಎರಡೂ ಎದುರೆದುರು ದಾಟಿಕೊಂಡು ಹೋಗುತ್ತಿರಬಹುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಇಲ್ಲೇ ಬೆಳೆದ ಮೆಣಸಿನಕಾಯಿ ಅಷ್ಟು ದೂರ ಹೋಗಿ, ಬಾಡಿ, ಇನ್ನೊಬ್ಬರ ಲಾಭ ಹೊತ್ತುಕೊಂಡು ನಮ್ಮ ಮನೆಗೆ ಯಾಕೆ ಬರಬೇಕು?

ಹಾಗಂತ ನೇರವಾಗಿ ಬೆಳೆದವರಿಂದ ಕೊಳ್ಳುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾವು ಮಾಡಿ ನೋಡಿದ್ದೇವೆ. ನಮ್ಮ ಬೀದಿಯ ಒಂಬತ್ತು ಮನೆಯವರು ಸೇರಿ ಒಬ್ಬ ಬೆಳೆಗಾರರ ಹತ್ತಿರ ಮಾತಾಡಿಕೊಂಡೆವು. ಪ್ರತಿ ಶನಿವಾರ ಒಂದೊಂದು ಮನೆಗೆ ಒಂದು ಬುಟ್ಟಿ. ಏನು ಬೆಳೆದಿದೆಯೋ ಅದು. ಜನವರಿಯಿಂದ ಮೇ ತನಕ ಸ್ವರ್ಗ. ಅಲಸಂದೆ, ಬೀನ್ಸ್, ಬದನೆ, ಹರಿವೆ, ಬಣ್ಣದ ಸೌತೆ, ಸಿಹಿಗೆಣಸು. ಮುಟ್ಟಿದರೆ ಮುರಿಯುವಷ್ಟು ಎಳೆ ಬೆಂಡೆ. ಮಕ್ಕಳು ಹಸಿಯಾಗಿಯೇ ತಿಂದರು.

ಜೂನ್ ಬಂತು. ಮಳೆ ಹಿಡಿಯಿತು. ಮೊದಲ ವಾರ ಬೀನ್ಸ್ ಕೊಳೆಯಿತು. ಎರಡನೇ ವಾರ ಕಾಡುಹಂದಿ ನುಗ್ಗಿ ಗೆಣಸಿನ ಸಾಲನ್ನು ಉತ್ತು ಹಾಕಿತು. ಜುಲೈ ಪೂರ್ತಿ ಬುಟ್ಟಿಯಲ್ಲಿ ಬಂದದ್ದು ಕೆಸು, ಕಣಿಲೆ (ಎಳೆ ಬಿದಿರು), ಸೌತೆಕಾಯಿ, ಮತ್ತೆ ಕೆಸು. ಮೂರು ಮನೆಯವರು ಬಿಟ್ಟರು. ನನಗೂ ಒಂದು ಶನಿವಾರ ಬುಟ್ಟಿ ನೋಡಿ ಸಿಟ್ಟು ಬಂತು.

ಅವತ್ತು ನಮ್ಮ ಅತ್ತೆ ಹೇಳಿದ ಮಾತು ನನ್ನನ್ನು ಸುಮ್ಮನಾಗಿಸಿತು. ಅವರು ಮದುವೆಯಾಗಿ ಬಂದ ಕಾಲದಲ್ಲಿ ಮಳೆಗಾಲಕ್ಕೆ ಮನೆ ತಯಾರಾಗುತ್ತಿದ್ದದ್ದು ಮೇ ತಿಂಗಳಲ್ಲಿ. ಬಲಿತ ಸೌತೆಕಾಯಿಯನ್ನು ಬಾಳೆ ನಾರಿನಲ್ಲಿ ಒಂದೊಂದಾಗಿ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕುತ್ತಿದ್ದರು. ಒಂದಕ್ಕೊಂದು ತಾಗಬಾರದು, ತಾಗಿದ ಜಾಗದಿಂದಲೇ ಕೊಳೆಯುವುದು ಶುರು. ಕುಂಬಳಕಾಯಿ ಒಲೆ ಹತ್ತಿರದ ಅಟ್ಟದಲ್ಲಿ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಮೂಲೆಯಲ್ಲಿ ರಾಶಿ. ಒಣ ಮೀನು, ಉಪ್ಪಿನಲ್ಲಿ ಹಾಕಿದ ಕಾಡುಮಾವು, ಬಾಟಲಿಯಲ್ಲಿ ಕಾಚಂಪುಳಿ ಅನ್ನುವ ಕಪ್ಪು ಹುಳಿರಸ. ಕಣಿಲೆಯನ್ನು ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ವಿಷ ಇಳಿಸಿ ಆಮೇಲೆ ಪಲ್ಯ. ‘ಜುಲೈಯಲ್ಲಿ ಬೀನ್ಸ್ ಕೇಳಿದ್ದು ನಿಮ್ಮ ತಪ್ಪು, ಆ ಹುಡುಗ ಎಲ್ಲಿಂದ ತರ್ತಾನೆ?’ ಅಂದರು.

ನಾವು ಲೆಕ್ಕ ಬದಲಿಸಿದೆವು. ಉಳಿದ ಆರು ಮನೆಯವರು ವರ್ಷಪೂರ್ತಿ ತಿಂಗಳಿಗೆ ಇಷ್ಟು ಅಂತ ಒಂದೇ ಮೊತ್ತ ಕೊಡುತ್ತೇವೆ. ಬೇಸಿಗೆಯಲ್ಲಿ ಬುಟ್ಟಿ ತುಂಬಿ ಬರುತ್ತದೆ. ಮೇ ಕೊನೆಗೆ ಪ್ರತಿ ಮನೆಗೆ ಹತ್ತು ಸೌತೆ, ಎರಡು ಕುಂಬಳ, ಒಂದು ಚೀಲ ಹಲಸಿನ ಬೀಜ ಬರುತ್ತದೆ. ಮಳೆಗಾಲದಲ್ಲಿ ಬುಟ್ಟಿ ಸಣ್ಣದು. ಟೊಮೆಟೊ, ಆಲೂಗಡ್ಡೆ, ಈರುಳ್ಳಿಯನ್ನು ಅಂಗಡಿಯಿಂದ ತರುತ್ತೇವೆ. ಯಾರಿಗೂ ನಾಚಿಕೆ ಇಲ್ಲ. ಬೆಳೆಗಾರರಿಗೆ ಜೂನ್‌ನಲ್ಲೂ ಒಂದಿಷ್ಟು ದುಡ್ಡು ಬರುತ್ತದೆ. ಅದರಿಂದಲೇ ಹಂದಿಗೆ ಬೇಲಿ ಹಾಕಿಸಿದರು. ಬಿಟ್ಟುಹೋದ ಮೂರು ಮನೆಗಳಲ್ಲಿ ಒಂದು ಮನೆ ವಾಪಸ್ ಬಂದಿದೆ.

ಆದರೆ ಇದು ಏಳು ಮನೆಗೆ ಆಗುವ ಏರ್ಪಾಡು. ಒಂದು ಪಟ್ಟಣಕ್ಕೆ ಆಗುವುದಿಲ್ಲ. ಎಲ್ಲರಿಗೂ ಬೆಳೆಗಾರರ ಫೋನ್ ನಂಬರ್ ಗೊತ್ತಿರುವುದಿಲ್ಲ. ಎರಡು ಬಟರ್ ಫ್ರೂಟ್ ಮರ ಇರುವ ಅಜ್ಜಿಗೆ ವಾಟ್ಸ್ಆ್ಯಪ್ ಗ್ರೂಪ್ ಇಲ್ಲ. ಬೆಳೆದವರೂ ತಿನ್ನುವವರೂ ಮುಖಾಮುಖಿ ಆಗುವ ಜಾಗ ನಮಗೆ ಹಿಂದಿನಿಂದಲೂ ಇದೆ. ಮಡಿಕೇರಿಯಲ್ಲಿ ಶುಕ್ರವಾರ, ಕುಶಾಲನಗರದಲ್ಲಿ ಮಂಗಳವಾರ. ಶನಿವಾರಸಂತೆಗಂತೂ ಊರಿನ ಹೆಸರೇ ಸಂತೆ. ನೀವು ಹೊಸದಾಗಿ ಏನನ್ನೂ ಹುಟ್ಟುಹಾಕಬೇಕಿಲ್ಲ. ಇರುವ ಸಂತೆಯಲ್ಲಿ ಬೆಳೆದವರಿಗೆ ಜಾಗ ಕೊಟ್ಟರೆ ಸಾಕು.

ಸಂತೆಯಲ್ಲಿ ಮಾತ್ರ ಸಿಗುವ ವಸ್ತುಗಳೂ ಇವೆ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ಕ್ಕೆ ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಕುದಿಸಿದರೆ ನೇರಳೆ ಬಣ್ಣ ಬಿಡುವ ಆ ಸೊಪ್ಪನ್ನು ಯಾವ ಕಂಪನಿ ಪ್ಯಾಕ್ ಮಾಡುತ್ತದೆ? ಹಿಂದಿನ ದಿನ ಯಾರೋ ತೋಟದ ಅಂಚಿನಿಂದ ಕೊಯ್ದು, ಕಟ್ಟು ಕಟ್ಟಿ, ಬಸ್ಸಿನಲ್ಲಿ ತಂದು ಮಾರುವುದರಿಂದಲೇ ಪೇಟೆಯ ಮನೆಗಳಲ್ಲಿ ಆ ಹಬ್ಬ ನಡೆಯುತ್ತಿದೆ.

ಕಿತ್ತಳೆಯ ವಿಷಯವನ್ನೂ ಹೇಳಬೇಕು. ನನ್ನ ಅಪ್ಪ ಕಾಫಿ ಗಿಡಗಳ ನಡುವೆ ಕಿತ್ತಳೆ ಬೆಳೆದವರು. ರೋಗ ಬಂದು ಮರಗಳು ಒಂದೊಂದಾಗಿ ಒಣಗಿದವು. ನಮ್ಮ ಜಿಲ್ಲೆಯ ಉದ್ದಕ್ಕೂ ಹೀಗೇ ಆಯಿತು. ಒಂದು ಡಿಸೆಂಬರ್‌ನಲ್ಲಿ ಸೂಪರ್ ಮಾರ್ಕೆಟ್ ಒಂದರಲ್ಲಿ ‘ಕೂರ್ಗ್ ಆರೆಂಜ್’ ಅಂತ ಬೋರ್ಡ್ ನೋಡಿ ಆಸೆಯಿಂದ ಎರಡು ಕಿಲೋ ತಂದೆ. ಅಪ್ಪ ಒಂದನ್ನು ಕೈಯಲ್ಲಿ ಹಿಡಿದವರು ಸುಲಿಯಲೇ ಇಲ್ಲ. ಸಿಪ್ಪೆ ಸಡಿಲ, ಒಳಗೆ ಗಾಳಿ, ಮೇಲೆ ಪೂರ್ತಿ ಕೇಸರಿ ಬಣ್ಣ. ‘ಇದು ನಾಗಪುರದ್ದು’ ಅಂದು ವಾಪಸ್ ಬುಟ್ಟಿಗೆ ಹಾಕಿದರು. ನಮ್ಮ ಕಿತ್ತಳೆಗೆ ಹಸಿರು ಮಿಶ್ರಿತ ಹಳದಿ ಬಣ್ಣ, ತಿರುಳಿಗೆ ಅಂಟಿಕೊಂಡ ಸಿಪ್ಪೆ, ಸಿಹಿಯ ಹಿಂದೆ ಹುಳಿ. ಅದಕ್ಕೆ ಜಿಐ, ಅಂದರೆ ಇಂಥ ಊರಿನದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಕೂಡ ಇದೆ. ಇನ್ನೂ ಹತ್ತಿಪ್ಪತ್ತು ಮರ ಉಳಿಸಿಕೊಂಡಿರುವವರು ಇದ್ದಾರೆ. ಅವರೇ ಎದುರಿಗೆ ಕೂತು ಮಾರಿದರೆ ನನ್ನಂಥವಳು ಬೋರ್ಡ್ ನೋಡಿ ಮೋಸ ಹೋಗುವುದಿಲ್ಲ.

2018ರ ಆಗಸ್ಟ್ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಗುಡ್ಡಗಳು ಇಳಿದುಬಂದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ನಮ್ಮ ಹತ್ತಿರದ ಅಂಗಡಿಗಳಲ್ಲಿ ಎರಡನೇ ದಿನಕ್ಕೇ ತರಕಾರಿ ರ‍್ಯಾಕ್ ಖಾಲಿ. ಆಗ ಪಕ್ಕದ ಹಳ್ಳಿಯ ಮನೆಯೊಂದರ ಅಟ್ಟದಿಂದ ಇಳಿದು ಬಂದ ಸೌತೆ, ಕುಂಬಳದಲ್ಲಿ ನಾವು ನಾಲ್ಕು ಮನೆಯವರು ಸಾಂಬಾರು ಮಾಡಿ ಉಂಡೆವು. ಹತ್ತಿರದಲ್ಲಿ ಬೆಳೆಯುವವರು ಇರುವುದು ಅಂದರೆ ಏನು ಅಂತ ನನಗೆ ಅರ್ಥವಾದದ್ದು ಅವತ್ತು. ಈಗ ಗದ್ದೆ ಪಾಳು ಬೀಳುತ್ತಿವೆ. ಆಳು ಸಿಗುವುದಿಲ್ಲ, ಆನೆ, ಹಂದಿ ಕಾಟ, ಬೆಲೆ ಇಲ್ಲ. ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯಲು ಸ್ವಂತ ಗದ್ದೆ ಇಲ್ಲದೆ ಊರವರ ಗದ್ದೆಗೆ ಹೋಗುವ ಮನೆಗಳು ಎಷ್ಟು ಆಗಿವೆ ನೋಡಿ. ಆನೆಯನ್ನು ನಾಳೆಯೇ ತಡೆಯಿರಿ ಅಂತ ನಾನು ಕೇಳುತ್ತಿಲ್ಲ. ಬೆಲೆಯ ವಿಷಯದಲ್ಲಿ ಮಾತ್ರ ನಿಮ್ಮ ಕೈಯಲ್ಲೇ ಆಗುವ ಕೆಲಸ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಪಟ್ಟಣದ ಸಂತೆಯಲ್ಲಿ ಸೂರಿನ ಕೆಳಗೆ ಒಂದು ಸಾಲನ್ನು ಬೆಳೆದವರಿಗೆ ಅಂತಲೇ ಬಿಡಿ. ಸೂರು ಸಾಲದಿದ್ದರೆ ಇನ್ನೊಂದು ಸಾಲಿಗೆ ಶೀಟ್ ಹಾಕಿಸಿ, ನೆಲವನ್ನು ಒಂದಡಿ ಎತ್ತರಿಸಿ. ಮಳೆ ನೀರು ಸೊಪ್ಪಿನ ಕೆಳಗೆ ಹರಿಯಬಾರದು, ಅಷ್ಟೇ. ತಲೆ ಮೇಲೆ ಹೊತ್ತು ತರುವ ಬುಟ್ಟಿಗೆ ಸುಂಕ ಬೇಡ. ಹೆಂಗಸರು ಬೆಳಿಗ್ಗೆ ಏಳರಿಂದ ಸಂಜೆ ತನಕ ಕೂರುತ್ತಾರೆ. ಅವರಿಗೆ ಬೀಗ ಹಾಕಿರದ ಒಂದು ಶೌಚಾಲಯ ಬೇಕು. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ. ಆ ಅಜ್ಜಿ ಸಂತೆ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲವಂತೆ.

ಸಂಜೆ ಸಾಲಿನಲ್ಲಿ ದೀಪ ಇರಲಿ. ಎಂಟು ಗಂಟೆ ತನಕ ಸಂತೆ ನಡೆದರೆ ಆಫೀಸು, ಬ್ಯಾಂಕು, ಶಾಲೆ ಮುಗಿಸಿ ಬರುವವರು ಕೊಳ್ಳಬಹುದು. ದೂರದವರಿಗೆ ಅಷ್ಟು ಹೊತ್ತು ಕೂರಲು ಆಗುವುದಿಲ್ಲ, ನಿಜ. ಕೊನೆಯ ಬಸ್ ಹೋದರೆ ಮುಗಿಯಿತು. ನಮ್ಮ ಒಳದಾರಿಗಳಲ್ಲಿ ಓಡುವುದು ಜಾಸ್ತಿ ಪ್ರೈವೇಟ್ ಬಸ್ಸುಗಳೇ. ಹಾಗಾಗಿ ಬೆಂಗಳೂರಿನ ಅಕ್ಕನಿಗೆ ಸಿಗುವ ಉಚಿತ ಪ್ರಯಾಣ ಇಲ್ಲಿನ ಹಳ್ಳಿಯ ಅಕ್ಕನಿಗೆ ಎಷ್ಟೋ ಕಡೆ ಸಿಗುವುದಿಲ್ಲ. ಸಂತೆ ದಿನ ಒಂದೆರಡು ದಾರಿಗಾದರೂ ಬೆಳಿಗ್ಗೆ ಆರಕ್ಕೆ ಬಂದು ಸಂಜೆ ಏಳಕ್ಕೆ ಹೊರಡುವ ಸರ್ಕಾರಿ ಬಸ್ಸು ಹಾಕಿಸಿ. ಬುಟ್ಟಿಗೆ ಲಗೇಜ್ ಕೇಳಬೇಡಿ.

ಇದೆಲ್ಲ ಎಲ್ಲೂ ಇಲ್ಲದ ವಿಷಯ ಅಂದುಕೊಳ್ಳಬೇಡಿ. ಆಂಧ್ರದಲ್ಲಿ ಬೆಳೆದವರೇ ಕೂತು ಮಾರುವ ರೈತು ಬಜಾರ್ ಶುರುವಾದದ್ದು 1999ರಲ್ಲಿ. ಅದೇ ವರ್ಷ ತಮಿಳುನಾಡಿನ ಮದುರೈಯಲ್ಲಿ ಮೊದಲ ಉಳವರ್ ಸಂದೈ, ಅಂದರೆ ರೈತರ ಸಂತೆ, ತೆರೆಯಿತು. ಅಲ್ಲಿ ಬೆಳೆಗಾರ ಅಂತ ಗುರುತಿನ ಚೀಟಿ ಕೊಡುತ್ತಾರೆ, ಕೂರಲು ಜಾಗ ಕೊಡುತ್ತಾರೆ, ತಕ್ಕಡಿ ಕೊಡುತ್ತಾರೆ. ಬೆಲೆಯನ್ನು ಬೆಳಿಗ್ಗೆಯೇ ಬೋರ್ಡಿನಲ್ಲಿ ಬರೆಯುತ್ತಾರೆ. ಇಪ್ಪತ್ತೈದು ವರ್ಷ ದಾಟಿ ನಡೆಯುತ್ತಿದೆ. ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. ಹಾಪ್‌ಕಾಮ್ಸ್ 1959ರಲ್ಲಿ ಹುಟ್ಟಿದ್ದೇ ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಗುರುತಿನ ಚೀಟಿ ಯಾಕೆ ಬೇಕು ಅಂದರೆ, ಅದಿಲ್ಲದೆ ಸಾಲು ಬಿಟ್ಟರೆ ಆರು ತಿಂಗಳಲ್ಲಿ ಅಲ್ಲೂ ಲಾರಿ ತರಕಾರಿಯೇ ಬಂದು ಕೂರುತ್ತದೆ. ಗ್ರಾಮ ಪಂಚಾಯಿತಿಯಿಂದ ಒಂದು ಚೀಟಿ ಸಾಕು. ತೋಟದಲ್ಲಿ ಕೂಲಿ ಮಾಡಿಕೊಂಡು, ಕೂಲಿಯವರ ಸಾಲುಮನೆಯ (ಲೈನ್ ಮನೆ) ಹಿಂದೆ ನಾಲ್ಕು ಸಾಲು ಸೊಪ್ಪು ಹಾಕುವವರಿಗೂ ಆ ಚೀಟಿ ಸಿಗಬೇಕು. ಜಮೀನಿನ ಪಹಣಿ ಕೇಳಿದರೆ ಅವರು ಬರಲು ಆಗುವುದಿಲ್ಲ.

ಕಾನೂನು ಕೂಡ ನಿಮ್ಮ ಕೈ ಕಟ್ಟುವುದಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ, ಜನ ಹಿಂದಿನಿಂದಲೂ ಸೇರಿ ಮಾರುವ, ಕೊಳ್ಳುವ ಜಾಗಗಳನ್ನು ಸಹಜ ಮಾರುಕಟ್ಟೆ ಅಂತ ಗುರುತಿಸಬಹುದು ಅನ್ನುತ್ತದೆ. ಆ ಕಾಯ್ದೆಯಡಿ ಆಗಬೇಕಾದ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಆ ಹೆಂಗಸರಲ್ಲಿ ಒಬ್ಬರಾದರೂ ಬುಟ್ಟಿ ಹೊತ್ತು ಬರುವವರು ಇರುವ ಹಾಗೆ ನೋಡಿಕೊಳ್ಳಿ. 2006ರ ಆಹಾರ ಸುರಕ್ಷತೆ ಕಾಯ್ದೆ ರೈತನಿಗೂ ಅವನ ಬೆಳೆಗೂ ಅನ್ವಯಿಸುವುದಿಲ್ಲ ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಲೈಸೆನ್ಸ್ ಎಲ್ಲಿ ಅಂತ ಯಾರಾದರೂ ಅವರನ್ನು ಹೆದರಿಸಿದರೆ ಈ ಮಾತು ಹೇಳಲು ನಿಮ್ಮ ಕಚೇರಿಯಿಂದ ಒಬ್ಬರು ಸಂತೆಯಲ್ಲಿ ಇರಲಿ.

ಇನ್ನು ನಮ್ಮವರಿಗೆ. ಹೋಂಸ್ಟೇ ನಡೆಸುವ ಅಕ್ಕ, ಅಣ್ಣಂದಿರೇ, ನಿಮ್ಮಲ್ಲಿಗೆ ಬರುವವರು ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಒತ್ತು ಶ್ಯಾವಿಗೆ) ಕೇಳುತ್ತಾರೆ. ಅದರ ಅಕ್ಕಿಯನ್ನು, ಜೊತೆಗಿನ ಕುಂಬಳಕಾಯಿಯನ್ನು ಪಕ್ಕದ ಗದ್ದೆಯಿಂದ ತನ್ನಿ. ಹತ್ತು ರೂಮು ಇರುವ ಒಂದು ಹೋಂಸ್ಟೇ ವಾರಕ್ಕೆ ಇಷ್ಟು ಬೇಕು ಅಂತ ಮಾತು ಕೊಟ್ಟರೆ ಒಬ್ಬ ಬೆಳೆಗಾರ ಅದನ್ನು ನಂಬಿ ಬೀಜ ಹಾಕಬಹುದು. ಮಾತು ಕೊಟ್ಟ ಮೇಲೆ ಟೂರಿಸ್ಟ್ ಬರಲಿಲ್ಲ ಅಂತ ಕೈಬಿಡಬೇಡಿ. ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಬಟರ್ ಫ್ರೂಟ್, ರಂಬುಟಾನ್‌ಗೆ ಒಳ್ಳೊಳ್ಳೆ ತಳಿ ಕೊಟ್ಟಿದ್ದಾರೆ. ಗಿಡ ನೆಟ್ಟವರು ತುಂಬ ಜನ. ಹಣ್ಣನ್ನು ಒಳ್ಳೆ ಬೆಲೆಗೆ ಮಾರುವ ಜಾಗ ಮಾತ್ರ ಇನ್ನೂ ಆಗಬೇಕಿದೆ.

ಸೂಪರ್ ಮಾರ್ಕೆಟ್ ನಡೆಸುವವರಲ್ಲೂ ಒಂದು ಕೋರಿಕೆ. ಹಣ್ಣಿನ ಮೇಲೆ ಕೊಡಗು ಅಂತ ಬರೆಯುವಾಗ ಯಾವ ಊರು ಅಂತಲೂ ಬರೆಯಿರಿ. ಬರೆಯಲು ಆಗದಿದ್ದರೆ ಕೊಡಗಿನ ಹೆಸರು ಹಾಕಬೇಡಿ.

ಜಿಲ್ಲಾಧಿಕಾರಿಗಳೇ, ಸದಸ್ಯರೇ, ಮುಂದಿನ ಮಳೆ ಹಿಡಿಯುವ ಮೊದಲು, ಮೇ ಒಳಗೆ, ಒಂದೇ ಒಂದು ಪಟ್ಟಣದಲ್ಲಾದರೂ ಆ ಸಾಲು ಆಗಲಿ. ಅದಕ್ಕೂ ಮೊದಲು ಒಂದು ಸಂತೆ ದಿನ ಬೆಳಿಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಿಗೆ ಬನ್ನಿ. ಕಾರು ಬಿಟ್ಟು ಬನ್ನಿ. ಮೊದಲ ಬಸ್ಸಿನಿಂದ ಬುಟ್ಟಿ ಇಳಿಸುವವರ ಜೊತೆ ಸಂತೆ ತನಕ ನಡೆಯಿರಿ. ಅವರು ಎಲ್ಲಿ ಕೂರುತ್ತಾರೆ ನೋಡಿ, ಅರ್ಧ ಗಂಟೆ ಪಕ್ಕದಲ್ಲಿ ಕೂತುಕೊಳ್ಳಿ. ಕೊಡೆ ನಾನು ತರುತ್ತೇನೆ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಗೃಹಿಣಿ, ನೌಕರಳು, ಸಂತೆಯ ಗಿರಾಕಿ